ಕೆಮ್ಮಿನಾಚೆಯ ಅರ್ಧ ಪದ

ಪದದ ನಟ್ಟನಡುವೆ ಮೇಯರ್‌ಗೆ ಕೆಮ್ಮು ಬಂತು.

“ನಾಳೆ ಹತ್ತಕ್ಕೆ ಬ್ರ್ಯುಕೆನ್‌ಅಬ್ರಿಸ್…” ಎನ್ನುವಷ್ಟರಲ್ಲಿ ಕೆಮ್ಮಿ, ಮತ್ತೂ ಕೆಮ್ಮಿ, ನೀರಿನ ಲೋಟಕ್ಕೆ ಕೈಹಾಕಿದರು. ಅವರು ಸೇತುವೆಯ ಆಚೆ ದಡದ ಊರಿನವರು, ಮಾತು ಜರ್ಮನ್. ಈಚೆ ದಡದ ಅಂಗಡಿಯವರು ಹೆಡ್‌ಫೋನ್ ಹಾಕಿಕೊಂಡು ಅದನ್ನು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ಹಳೇ ಸೇತುವೆ ಉಳಿದರೆ ಅವರಿಗೆ ಗಿರಾಕಿ. ಹೋದರೆ ನೊಣ ಹೊಡೆಯುವುದೇ ಕೆಲಸ.

ಸಭಾಂಗಣದ ಹಿಂದೆ, ಗಾಜಿನ ಗೂಡಿನಲ್ಲಿ ದುಭಾಷಿಗಳಿಬ್ಬರು. ಮೈಕಿನ ಮುಂದೆ ಹೊಸಬಳು, ಪಕ್ಕದಲ್ಲಿ ಹಿರಿಯರು. ಇವಳನ್ನು ಕೆಲಸದಲ್ಲಿ ಇಟ್ಟುಕೊಳ್ಳಬೇಕೋ ಬೇಡವೋ ಎಂದು ಸಂಜೆಯೊಳಗೆ ಹೇಳಬೇಕಾದವರು ಅವರೇ. ಬೆಳಿಗ್ಗೆಯೇ ಪಾಠವನ್ನೂ ಹೇಳಿದ್ದರು: “ನೋಡಮ್ಮ, ಜರ್ಮನ್ನರ ಪದ ಅಂದ್ರೆ ಗೂಡ್ಸ್ ರೈಲು. ಇಂಗ್ಲಿಷಿನವರದ್ದೂ ಅಷ್ಟೇ ಉದ್ದ, ಮಧ್ಯೆ ಮಧ್ಯೆ ಜಾಗ ಬಿಟ್ಟು ಸಾಚಾಗಳ ಥರ ಇರ್ತಾರೆ. ಎಂಜಿನ್ ನೋಡಿದ ಕೂಡ್ಲೆ ರೈಲು ಯಾವುದು ಅಂತ ಹೇಳಿಬಿಡ್ಬೇಕು. ಕಾಯ್ತಾ ಕೂತ್ರೆ ಕೆಟ್ಟೆ.”

ಹೊಸಬಳು ಮೈಕ್ ಮುಚ್ಚಿ ಸುಮ್ಮನೆ ಕೂತಳು. ಹೆಡ್‌ಫೋನುಗಳು ಬರಿದಾದವು. ಅಂಗಡಿಯವರು ಒಬ್ಬೊಬ್ಬರಾಗಿ ಗಾಜಿನತ್ತ ತಿರುಗಿದರು.

“ಸೇತುವೆ ಕೆಡವೋದು ಅಂತ ಹೇಳಮ್ಮ. ಅಷ್ಟೂ ತಿಳಿಯಲ್ವಾ?” ಎಂದರು ಹಿರಿಯರು.

“ಅವರಿನ್ನೂ ಮುಗಿಸಿಲ್ಲ ಸರ್.”

“ಕೆಮ್ಮು ಯಾವ ಭಾಷೇಲೂ ಪೂರ್ಣವಿರಾಮಾನೇ.” ಹಿರಿಯರು ಬಾಗಿ ತಾವೇ ಮೈಕಿನ ಗುಂಡಿ ಒತ್ತಿದರು. “ನಾಳೆ ಹತ್ತಕ್ಕೆ ಸೇತುವೆ ಕೆಡವಲಾಗುವುದು.”

ಕುರ್ಚಿಗಳು ಕಿರುಗುಟ್ಟಿದವು. ಮುಂದಿನ ಸಾಲಿನಲ್ಲಿದ್ದ ಗಡಿಯಾರ ರಿಪೇರಿಯವನು ಮುಷ್ಟಿ ಬಿಗಿದು ಎದ್ದೇ ನಿಂತ. ಮೇಯರ್ ನಿರಾಳವಾಗಿ ಲೋಟ ಕೆಳಗಿಟ್ಟು, ಬಿಟ್ಟಲ್ಲಿಂದಲೇ ಹಿಡಿದರು: “…ಗೆಗ್ನರ್‌ಫೆರ್ಸಾಮ್ಲುಂಗ್. ನಾನೇ ಅಧ್ಯಕ್ಷ.”

ಹೊಸಬಳು ಹಿರಿಯರ ಬೆರಳನ್ನು ಮೆಲ್ಲಗೆ ಸರಿಸಿ ಮೈಕ್ ತೆರೆದಳು. “ತಿದ್ದುಪಡಿ. ನಾಳೆ ಹತ್ತಕ್ಕೆ, ಸೇತುವೆ ಕೆಡವುವುದನ್ನು ವಿರೋಧಿಸುವವರ ಸಭೆ. ನಾನೇ ಅಧ್ಯಕ್ಷ.”

ಗಡಿಯಾರದವನು ಬಿಗಿದ ಮುಷ್ಟಿಯನ್ನು ಏನು ಮಾಡುವುದೆಂದು ತೋಚದೆ, ಬಿಚ್ಚಿ ಚಪ್ಪಾಳೆ ತಟ್ಟಿದ. ಉಳಿದವರೂ ತಟ್ಟಿದರು.

ಆ ಗದ್ದಲದಲ್ಲಿ ಹಿರಿಯರು ಮೈಕ್ ಮುಚ್ಚಿ, ದನಿ ತಗ್ಗಿಸಿ ಕೇಳಿದರು: “ಬಾಲ ಇನ್ನೂ ಇದೆ ಅಂತ ನಿನಗೆ ಹೇಗಮ್ಮ ಗೊತ್ತಿತ್ತು?”

“ಗೊತ್ತಿರಲಿಲ್ಲ ಸರ್. ಅದಕ್ಕೇ ಸುಮ್ಮನಿದ್ದೆ.”

ಚಪ್ಪಾಳೆ ನಿಂತಿತು. ಮೇಯರ್ ಇನ್ನೊಂದು ಉದ್ದನೆಯ ಪದ ಶುರುಮಾಡಿದರು. ಹಿರಿಯರು ತಮ್ಮ ಕುರ್ಚಿಯನ್ನು ಗುಂಡಿಯಿಂದ ಒಂದು ಮೊಳ ಹಿಂದಕ್ಕೆ ಎಳೆದುಕೊಂಡರು.