ಹಿಂದಿನ ಸಾಲಿನ ದನಿ

"ಮೆತ್ತಗೆ ಪುಟ್ಟಿ! ವೈರು ಹಿಡಿದು ಎಳೀಬೇಡ, ಪಿನ್ನು ಹಿಡಿದು ತೆಗಿ," ಎಂದು ಅಪ್ಪ ಕುರ್ಚಿಯಿಂದಲೇ ಕೂಗಿದರು. ಮಗಳು ಮೊಣಕಾಲೂರಿ ಕುಳಿತು, ಮುಂದಿನ ಮೂರು ಸ್ಪೀಕರುಗಳ ಮತ್ತು ಹಿಂದಿನ ಬಲಗಡೆಯದರ ಬಾಯಿ ಮುಚ್ಚಿಸಿದಳು. ಹಿಂದಿನ ಎಡಗಡೆಯದೊಂದು ಉಳಿಯಿತು. ಹಾಡನ್ನು ಸುತ್ತಲಿಂದ ಕೇಳಬೇಕೆಂದು ಐದು ಸ್ಪೀಕರು ಕೊಂಡು, ನಾಲ್ಕನ್ನು ಕಿತ್ತುಹಾಕಿ ಕೇಳುವ ಮನುಷ್ಯ ಆ ಬೀದಿಯಲ್ಲಂತೂ ಇವರೊಬ್ಬರೇ.

ಆ ಎಡಗಡೆಯ ಸ್ಪೀಕರಿನಲ್ಲಿ ಅಮ್ಮ ಇದ್ದಳು. ಮಗಳು ಅಂಬೆಗಾಲಿಡುವಾಗಲೇ ತೀರಿಕೊಂಡವಳು. ಅದಕ್ಕೂ ಮುಂಚೆ ಒಂದು ವೃಂದಗಾನದ ರೆಕಾರ್ಡಿಂಗಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಹಾಡಿದ್ದಳು. ಐದು ಸ್ಪೀಕರಿಗೆ ದನಿ ಹಂಚುವ ಸರೌಂಡ್ ಡಿಸ್ಕು ಮಾಡುವಾಗ ರೆಕಾರ್ಡಿಸ್ಟ್ ಗೆಳೆಯ ಆ ಹೆಂಗಸರ ಸಾಲನ್ನು ಹಿಂದೆ ಎಡಕ್ಕೆ ಕೂರಿಸಿದ್ದ. ರೆಕಾರ್ಡಿಂಗಿನ ದಿನ ಹಾಡಿನ ಕೊನೆಯಲ್ಲಿ ನಿರ್ದೇಶಕರು ಕೈಸನ್ನೆ ಮಾಡಿದರು, ಎಲ್ಲರೂ ನಿಲ್ಲಿಸಿದರು, ಇವಳು ನಿಲ್ಲಿಸಲಿಲ್ಲ. ಸನ್ನೆ ಕಾಣಬೇಕಲ್ಲ! ಅಪ್ಪನದು ಕನ್ನಡಕದ ಅಂಗಡಿ. ಊರವರಿಗೆಲ್ಲ ಹೇಳಿದ ದಿನಕ್ಕೆ ಕನ್ನಡಕ ಕೊಡುತ್ತಿದ್ದವರು, ಹೆಂಡತಿಯ ಗಾಜು ಒಡೆದ ಕನ್ನಡಕವನ್ನು ಮಾತ್ರ "ನಾಳೆ, ನಾಳೆ" ಎನ್ನುತ್ತ ಡ್ರಾಯರಿನಲ್ಲೇ ಇಟ್ಟುಕೊಂಡಿದ್ದರು.

ಹಾಗಾಗಿ ಎಲ್ಲರ ದನಿಯೂ ಮುಗಿದ ಮೇಲೆ ಒಂದು 'ಆ' ಒಂಟಿಯಾಗಿ ಉಳಿದು, ಗಾಬರಿಬಿದ್ದು, ಥಟ್ಟನೆ ನಿಂತಿತ್ತು. ಮುಂದಿನ ಸ್ಪೀಕರುಗಳಲ್ಲಿ ವಾದ್ಯಗಳು ನುಡಿಯುತ್ತಲೇ ಇರುವುದರಿಂದ ಅದು ಯಾರ ಕಿವಿಗೂ ಬೀಳುವಂಥದ್ದಲ್ಲ. ಅದಕ್ಕೇ ಗೆಳೆಯನೂ ಹೋಗಲಿ ಎಂದು ಬಿಟ್ಟಿದ್ದ. ಆ ಮನೆಯಲ್ಲಿ ಅಮ್ಮನ ದನಿ ಎಂದರೆ ಅಷ್ಟೇ. ಮಗಳಿಗೆ ಜೋಗುಳದ ನೆನಪಿಲ್ಲ, ಬೈದ ನೆನಪಿಲ್ಲ, ಈ ಒಂದು 'ಆ' ಗೊತ್ತು.

ಕಳೆದ ವರ್ಷ ಡಿಸ್ಕ್ ಪ್ಲೇಯರಿನ ಲೆನ್ಸ್ ಕೈಕೊಟ್ಟಿತು. ಆ ಜಾತಿಯ ಡಿಸ್ಕು ಬೇರೆ ಮೆಷೀನಿನಲ್ಲಿ ಓಡುವುದಿಲ್ಲ, ನಕಲು ಮಾಡಿಕೊಳ್ಳಲೂ ಬಿಡುವುದಿಲ್ಲ. ಎಲ್ಲಿಂದಲೋ ಹುಡುಕಿ ತಂದ ಹಳೆಯ ಪ್ಲೇಯರಿಗೂ ಅದೇ ರೋಗ. ಜೀವಮಾನವಿಡೀ ಲೆನ್ಸ್ ಕೂರಿಸಿದ ಮನುಷ್ಯನಿಗೆ ಸಾಸಿವೆಯಷ್ಟು ದೊಡ್ಡ ಒಂದು ಲೆನ್ಸ್ ಸಿಗದೆ ಹೋದದ್ದು ನುಂಗಲಾರದ ತುತ್ತಾಯಿತು. ಕಂಪನಿಯವರನ್ನು ಕೇಳಿದರೆ, ಡಿಸ್ಕಿನ ಕಾಲ ಮುಗಿಯಿತು, ತಿಂಗಳ ಚಂದಾ ಕಟ್ಟಿದರೆ ಸರೌಂಡ್ ಎಲ್ಲ ಈಗ ಇಂಟರ್‌ನೆಟ್ಟಿನಲ್ಲೇ ಎಂದರು. "ಕಪಾಟು ತುಂಬ ನಾನು ಕೊಂಡ ಹಾಡಿದೆ. ಅದನ್ನೇ ಬಾಡಿಗೆ ಕೊಟ್ಟು ಕೇಳ್ಬೇಕಾ? ಯಾವ ಊರ ನ್ಯಾಯ ಇದು?" ಎಂದು ಅಪ್ಪ ಎಗರಾಡಿದರು. ಆಮೇಲೆ ಎಗರಾಡುವುದನ್ನೂ ಬಿಟ್ಟು ಸುಮ್ಮನಾದರು. ಅದನ್ನು ನೋಡಲಾಗದೆ ಮಗಳೇ ಚಂದಾ ಕಟ್ಟಿ ಹಾಡನ್ನು ಹುಡುಕಿದ್ದಳು.

"ಅದೇ ಹಾಡಪ್ಪಾ! ಸರೌಂಡ್ ಅಂತ್ಲೂ ಬರೆದಿದೆ ನೋಡು."

"ಬರೆಯೋಕೇನು, ಕೈ ಇದ್ದೋರೆಲ್ಲ ಬರೀತಾರೆ," ಎಂದು ಅಪ್ಪ ಗೊಣಗಿದರು. ಗೊಣಗಿದರೇನು, ಅಂಗಡಿಯ ಬಾಗಿಲು ಅರ್ಧ ಎಳೆದು ಬಂದಿದ್ದರು. ತಲೆಯನ್ನೂ ನೀಟಾಗಿ ಬಾಚಿಕೊಂಡಿದ್ದರು.

ಹಾಡು ಶುರುವಾಯಿತು. ಅಪ್ಪ ಕುರ್ಚಿಯನ್ನು ತಿರುಗಿಸಿಕೊಂಡು ಸ್ಪೀಕರಿಗೆ ಕಿವಿಯಿಟ್ಟರು. ಹೆಂಗಸರ ಸಾಲು ಇದ್ದಲ್ಲೇ ಇತ್ತು. ಅಪ್ಪನ ಮುಖ ಅರಳಿತು. "ಪರವಾಗಿಲ್ಲ ಕಣೇ! ಗಾಜು ಒರೆಸಿ ಕೊಟ್ಟ ಹಾಗಿದೆ. ಬೈದಿದ್ದು ವಾಪಸ್ ತಗೊಂಡೆ." ಮಗಳೂ ಬಂದು ನೆಲದ ಮೇಲೆ ಕುಳಿತು ತನ್ನ ಕಿವಿಯನ್ನೂ ಒತ್ತಿದಳು. ಕೊನೆಯ ಸಾಲು ಬಂತು. ಈಗ ನೋಡು ಎನ್ನುವಂತೆ ಅಪ್ಪ ಬೆರಳೆತ್ತಿದರು. ಎಲ್ಲರೂ ಒಟ್ಟಿಗೆ ನಿಲ್ಲಿಸಿದರು.

ಬೆರಳು ಹಾಗೇ ನಿಂತಿತ್ತು.

"ನೆಟ್ ಸಿಕ್ಕಿಹಾಕ್ಕೊಂಡಿರ್ಬೇಕು," ಎಂದು ಮಗಳು ಮತ್ತೆ ಹಾಕಿದಳು. ಮತ್ತೂ ಒಮ್ಮೆ ಹಾಕಿದಳು. ಆಮೇಲೆ ಕಿತ್ತ ವೈರುಗಳನ್ನು ಒಂದೊಂದಾಗಿ ಸಿಕ್ಕಿಸಿ, ಯಾವ ಮೂಲೆಗಾದರೂ ಸರಿಸಿದ್ದಾರೋ ಎಂದು ಪ್ರತಿ ಸ್ಪೀಕರಿನ ಹತ್ತಿರವೂ ಮಂಡಿಯೂರಿ ಕೇಳಿದಳು. ಆ ಒಂಟಿ 'ಆ' ಎಲ್ಲೂ ಇರಲಿಲ್ಲ. ಆ ದನಿಯನ್ನು ನೆನಪಿನಿಂದಲೇ ತಂದುಕೊಳ್ಳಲು ನೋಡಿದಳು. ಇಷ್ಟು ವರ್ಷ ಬೇಕೆಂದಾಗ ಕೇಳಿದ್ದು, ನೆನಪಿಟ್ಟುಕೊಳ್ಳಬೇಕೆಂದು ಅನ್ನಿಸಿಯೇ ಇರಲಿಲ್ಲ. ಅದು ಸಣ್ಣಗಿತ್ತೋ ದಪ್ಪಗಿತ್ತೋ ಎಂಬುದೂ ಈಗ ಖಾತ್ರಿಯಾಗಲಿಲ್ಲ. ಅವಳಿಗೆ ಭಯವಾಯಿತು.

ಅಪ್ಪ ರೆಕಾರ್ಡಿಸ್ಟ್ ಗೆಳೆಯನಿಗೆ ಫೋನು ಹಚ್ಚಿದರು.

"ಹೂಂ ಕಣೋ, ಅದೇ ಹಾಡು... ಕೊನೇಲಿ... ಹೂಂ. ನೆಟ್ಟಿಗೆ ಹಾಕೋಕೆ ಹೊಸ ಹುಡುಗರು ಕೂತು ಮತ್ತೆ ಮಾಡಿದ್ದಾ?... ಇಲ್ಲಪ್ಪ, ನಿನ್ನನ್ನ ಯಾಕೆ ಬೈಲಿ... ಹಳೇ ಟೇಪು ಎಲ್ಲಿದೆ ಹಾಗಾದ್ರೆ?... ಓ. ಅದೂ ಇಲ್ವಾ." ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು. "ಹೌದು ಹೌದು. ಚೆನ್ನಾಗಿ ಮಾಡಿದಾರೆ. ಇಡ್ತೀನಿ."

ಫೋನನ್ನು ತೊಡೆಯ ಮೇಲಿಟ್ಟುಕೊಂಡು, ತಮ್ಮ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಗಿರಾಕಿಗಳು ಹಾಗೆ ಅಂಗಿಯಿಂದ ಒರೆಸಿದರೆ ಗಾಜಿಗೆ ಗೀರು ಬೀಳುತ್ತದೆಂದು ರೇಗುತ್ತಿದ್ದವರು ಅವರೇ.

"ಏನಂದ್ರಪ್ಪಾ?"

"ಕೊನೇಲಿ ಯಾರೋ ಒಬ್ಬಳು ತಪ್ಪು ಮಾಡಿದ್ಲಂತೆ ಪುಟ್ಟಿ," ಎಂದರು ಅಪ್ಪ. "ಸರಿ ಮಾಡಿದಾರಂತೆ."