ಕಳೆದುಹೋಗಲೆಂದೇ ಎಸೆದದ್ದು

ತೈಸ್ತೊ ಹಿಂದೆ ಮುಂದೆ ನೋಡಿದ. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಚೀಲದಿಂದ ಕೆಂಪು ಡಿಸ್ಕ್ ತೆಗೆದು, ಏಳನೇ ಬುಟ್ಟಿ ನೆಟ್ಟಗೆ ಎದುರಿಗೇ ಇದ್ದರೂ, ಬೇಕೆಂದೇ ಎಡಕ್ಕೆ ಪೊದೆಯೊಳಗೆ ಎಸೆದ. ಲಾಹ್ತಿ ಊರಿನ ಈ ಪಾರ್ಕಿನಲ್ಲಿ ಇಪ್ಪತ್ತು ವರ್ಷದಿಂದ, ತಟ್ಟೆಯಂಥ ಡಿಸ್ಕನ್ನು ಕಂಬಗಳ ಬುಟ್ಟಿಗೆ ಒಂದಾದ ಮೇಲೊಂದರಂತೆ ಎಸೆಯುವ ಡಿಸ್ಕ್ ಗಾಲ್ಫ್ ಆಡುತ್ತ ಬಂದವನು ಅವನು. ಕಣ್ಣು ಮುಚ್ಚಿ ಎಸೆದರೂ ಡಿಸ್ಕ್ ಹೋಗಿ ಬುಟ್ಟಿಯ ಮೇಲೆ ತೂಗುವ ಸರಪಳಿಗೆ ಬಡಿದು ಒಳಗೆ ಬೀಳಬೇಕು. ಇವತ್ತು ಅವನಿಗೆ ಗುರಿ ಪೊದೆಯೇ. ಎಸೆದವನು ಹುಡುಕುವ ಗೋಜಿಗೂ ಹೋಗದೆ, ಕೊಳದ ದಂಡೆಯ ಬೆಂಚಿನ ಮೇಲೆ ಕುಳಿತು ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಂಡ.

ಆ ಡಿಸ್ಕ್ ಅವನದಲ್ಲ, ಮಗಳು ವಿಲ್ಯಾಳದು. ಹಿಂಬದಿಯಲ್ಲಿ ಅವಳ ಹೆಸರು, ಫೋನ್ ನಂಬರು ಇತ್ತು. ಆಡುವವರೆಲ್ಲ ಹಾಗೆ ಬರೆದಿಡುತ್ತಾರೆ. ಸಿಕ್ಕಿದವರು ಆ ನಂಬರಿಗೆ ಮೆಸೇಜು ಕಳಿಸಬೇಕು. ಕಳಿಸದೆ ತಮ್ಮ ಚೀಲಕ್ಕೆ ಇಳಿಸಿದವರನ್ನು ಕಳ್ಳರೆಂದೇ ಕರೆಯುವುದು. ಎರಡು ವರ್ಷದ ಹಿಂದೆ, ಊರಿನ ಪಂದ್ಯದ ಕೊನೇ ಬುಟ್ಟಿಗೆ, ಕೈಚಾಚಿದರೆ ಎಟುಕುವಷ್ಟು ಹತ್ತಿರದಿಂದ ಎಸೆದರೂ ವಿಲ್ಯಾಳ ಗುರಿ ತಪ್ಪಿತು. ನಿನಗೆ ಕಲಿಸಿದ್ದೆಲ್ಲ ದಂಡ ಎಂದು ತೈಸ್ತೊ ಎಲ್ಲರೆದುರಿಗೆ ಅಂದುಬಿಟ್ಟ. ಅವಳು ತನ್ನ ಡಿಸ್ಕುಗಳ ಚೀಲವನ್ನು ಅವನ ಕಾಲ ಬಳಿ ಇಟ್ಟು ಹೊರಟುಹೋದಳು. ಆಮೇಲೆ ಮನೆ ಬದಲಿಸಿದಳು, ಅವನ ಫೋನು ತನಗೆ ತಲುಪದ ಹಾಗೆ ಮಾಡಿಕೊಂಡಳು.

ಅಪ್ಪನ ನಂಬರಿಗೆ ಬಾಗಿಲು ಹಾಕಬಹುದು, ದಾರಿಹೋಕರ ಮೆಸೇಜಿಗೆ ಹೇಗೆ ಹಾಕುತ್ತಾಳೆ? ಮುದುಕನ ತಲೆ ಓಡಿದ್ದು ಹೀಗೆ. ಡಿಸ್ಕ್ ಸಿಕ್ಕಿದೆ ಎಂದು ಯಾರಾದರೂ ಬರೆದರೆ ತೆಗೆದುಕೊಂಡು ಹೋಗಲಾದರೂ ಬಂದಾಳು. ಮಾತಾಡದಿದ್ದರೆ ಬೇಡ, ದೂರದಿಂದ ಮುಖ ಕಂಡರೂ ಸಾಕು ಎಂದು ಜೀವ ಹಪಹಪಿಸುತ್ತಿತ್ತು. ಬೇಸಿಗೆಯಿಂದ ಅವಳ ಡಿಸ್ಕುಗಳನ್ನು ಒಂದೊಂದಾಗಿ ಎಸೆಯುತ್ತ, ಸಿಕ್ಕಿದವರನ್ನು ಇದೇ ಬೆಂಚಿನಿಂದ ಮಾತಾಡಿಸುತ್ತ ಬಂದಿದ್ದ. ಎಲ್ಲರಿಗೂ ಒಂದೇ ಉತ್ತರ ಬರುತ್ತಿತ್ತಂತೆ: ನೀವೇ ಇಟ್ಟುಕೊಳ್ಳಿ. ಈಗ ಅಕ್ಟೋಬರ್ ಮುಗಿಯುತ್ತ ಬಂದಿತ್ತು, ಚೀಲದಲ್ಲಿ ಅವಳದೆಂದು ಉಳಿದಿದ್ದದ್ದು ಆ ಕೆಂಪು ಡಿಸ್ಕ್ ಒಂದೇ.

ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು ಆಡುತ್ತ ಬಂದಳು. ಅವಳದು ಬೇಕೆಂದು ಎಸೆದದ್ದಲ್ಲ, ಆದರೂ ನೇರ ಅದೇ ಪೊದೆಗೆ ಹೋಯಿತು. ತನ್ನ ಎಸೆತವನ್ನು ಬೈದುಕೊಳ್ಳುತ್ತ ಒಳಗೆ ನುಗ್ಗಿದವಳು ಎರಡು ಡಿಸ್ಕ್ ಹಿಡಿದು ಹೊರಬಂದಳು.

"ಯಜಮಾನ್ರೇ, ಈ ಕೆಂಪುದು ನಿಮ್ದಾ?"

"ನಂದಲ್ಲ. ಹಿಂದ್ಗಡೆ ನಂಬರ್ ಇರುತ್ತಲ್ಲ, ನೋಡಮ್ಮ" ಎಂದ ತೈಸ್ತೊ, ಏನೂ ಅರಿಯದ ಸಾಧುವಿನ ಹಾಗೆ.

ಅವಳು ಅಲ್ಲೇ ನಿಂತು ಮೆಸೇಜು ಕಳಿಸಿದಳು. ಉತ್ತರ ಬರುವ ತನಕ ಅವಳು ಜಾಗ ಬಿಡಬಾರದಲ್ಲ. ತೈಸ್ತೊ ಕಾಫಿ ಕೊಟ್ಟ, ತನಗೆಂದು ತಂದಿದ್ದ ಏಲಕ್ಕಿ ಬನ್ನನ್ನೂ ಮುಂದೆ ಹಿಡಿದ. ಅವಳ ಹೆಸರು ಮೆರ್ವಿ, ಸಿಟಿ ಬಸ್ ಓಡಿಸುತ್ತಾಳಂತೆ, ರಜೆಯ ದಿನ ಮನೆಯಲ್ಲಿ ಕೂತರೆ ತಲೆ ಕೆಡುತ್ತದಂತೆ. ಅವನು ಹೂಂಗುಡುತ್ತಿದ್ದ, ಒಂದೂ ಕಿವಿಗೆ ಬೀಳುತ್ತಿರಲಿಲ್ಲ. ಫೋನು ಸದ್ದು ಮಾಡಿತು. ಮೆರ್ವಿ ಓದಿಕೊಂಡಳು, ಅವನನ್ನು ಟೋಪಿಯಿಂದ ಬೂಟಿನವರೆಗೆ ನೋಡಿದಳು.

"ಇಟ್ಕೊಳ್ಳಿ ಅಂದ್ಲಾ?" ತೈಸ್ತೊ ಕೇಳಿದ.

"ಇಲ್ಲ. ಓದ್ತೀನಿ ಕೇಳಿ. 'ಕೊಳದ ಹತ್ರ ವಯಸ್ಸಾದೋರು ಒಬ್ರು ಕಾಫಿ ಕುಡೀತಾ ಕೂತಿದ್ರೆ ಅವ್ರಿಗೇ ಕೊಟ್ಬಿಡಿ. ನಮ್ಮಪ್ಪ. ಜನ್ಮದಲ್ಲಿ ಒಂದು ಡಿಸ್ಕ್ ಕಳ್ಕೊಂಡೋರಲ್ಲ, ಈ ವರ್ಷ ಎಲ್ಲಾ ನಂದೇ ಕಳೀತಿದೆ.'"

ತೈಸ್ತೊಗೆ ನಾಚಿಕೆಯಾಯಿತು. ಆದರೂ 'ನಮ್ಮಪ್ಪ' ಎಂದಿದ್ದಾಳಲ್ಲ ಎಂದು ಆ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡ. ಕೆಂಪು ಡಿಸ್ಕನ್ನು ತೊಡೆಯ ಮೇಲೆ ಇಟ್ಟುಕೊಂಡು, ಬೇರೆ ಏನಾದರೂ ಬರೆದಿದ್ದಾಳಾ ಎಂದು ಕೇಳಿದ. ಅಷ್ಟರಲ್ಲಿ ಇನ್ನೊಂದು ಮೆಸೇಜು ಬಂತು. ಮೆರ್ವಿ ಈ ಸಲ ನಿಧಾನವಾಗಿ ಓದಿದಳು.

"'ಬಿಳೀದು ಅವ್ರ ಹತ್ರ ಇದ್ಯಾ ಕೇಳಿ. ನಾನು ಚಿಕ್ಕೋಳಿದ್ದಾಗ ಅವ್ರೇ ಕೊಡ್ಸಿದ್ದು. ಅದೊಂದು ನಂಗೆ ಬೇಕು. ಇದ್ರೆ ಭಾನುವಾರ ನಾನೇ ಬಂದು ತಗೊಳ್ತೀನಿ.'"

ತೈಸ್ತೊ ಕೊಳದ ಕಡೆ ನೋಡಿದ. ಎಲ್ಲಕ್ಕಿಂತ ಮೊದಲು ಎಸೆದದ್ದು ಬಿಳಿಯದೇ. ಜೂನಿನಲ್ಲಿ, ಇನ್ನೂ ಬೇಕೆಂದೇ ತಪ್ಪು ಎಸೆದು ರೂಢಿಯಿರಲಿಲ್ಲ. ಗಾಳಿ ಎತ್ತಿಕೊಂಡು ಹೋಗಿ ನೀರಿಗೆ ಹಾಕಿತ್ತು. ಈವರೆಗೆ ಯಾರಿಗೂ ಸಿಕ್ಕಿರಲಿಲ್ಲ. ಈಗ ದಂಡೆಯುದ್ದಕ್ಕೂ ನೀರು ಹಪ್ಪಳದಷ್ಟು ತೆಳ್ಳಗೆ ಹೆಪ್ಪುಗಟ್ಟಿತ್ತು.

"ಏನಂತ ಬರೀಲಿ?" ಮೆರ್ವಿ ಕೇಳಿದಳು.

"ಇದೆ ಅಂತ ಬರಿಯಮ್ಮ" ಎಂದು ತೈಸ್ತೊ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದ.