ಬಾಣಂತಿ ಹಾಸಿಗೆಯ ಜಾಗ

ಹೆರುವವರು ತಾವೇ ಎನ್ನುವಷ್ಟು ಗತ್ತಿನಿಂದ ನಾಗಭೂಷಣ ಮೇಷ್ಟ್ರು ಹೆರಿಗೆ ತರಗತಿಯ ಮೊದಲ ಸಾಲಿನಲ್ಲಿ ಕುಳಿತಿದ್ದರು. ಚಿತ್ರದುರ್ಗದ ಆ ನರ್ಸಿಂಗ್ ಹೋಮಿನಲ್ಲಿ ತಿಂಗಳಿಗೆ ಎರಡು ಭಾನುವಾರ ಬಸುರಿಯರಿಗೂ ಅವರ ಗಂಡಂದಿರಿಗೂ ಒಟ್ಟಿಗೆ ಪಾಠ. ನೋವು ಬಂದಾಗ ಉಸಿರು ಹೇಗೆ ಬಿಡಬೇಕೆಂದು ಸುಚಿತ್ರಾ ಸಿಸ್ಟರ್ ಕೇಳಿದ್ದು ಹೆಂಗಸರನ್ನು. ಬುಸ್ ಬುಸ್ ಎಂದು ಬಿಟ್ಟು ತೋರಿಸಿದ್ದು ಮೇಷ್ಟ್ರು. ಎಂಟು ತಿಂಗಳ ಹೊಟ್ಟೆ ಹೊತ್ತು ಪಕ್ಕದಲ್ಲಿ ಕುಳಿತ ಹೆಂಡತಿ ಮೋನಿಕಾ ಬಾಯಿ ತೆರೆಯುವಷ್ಟರಲ್ಲಿ ಇವರ ಉತ್ತರ ಮುಗಿದಿರುತ್ತಿತ್ತು. ಹಿರಿಯೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮನುಷ್ಯ, ಸುಮ್ಮನೆ ಕೂರುವುದುಂಟೆ? ಹೋದ ಸಲ ಪ್ಲಾಸ್ಟಿಕ್ ಗೊಂಬೆಗೆ ಸ್ನಾನ ಮಾಡಿಸಿ, ಅದನ್ನು ಎದೆಗವಚಿಕೊಂಡು ಫೋಟೊ ತೆಗೆಸಿ, ‘ತಂದೆಯೂ ಒಬ್ಬ ತಾಯಿ’ ಎಂದು ಸ್ಟೇಟಸ್ ಹಾಕಿದ್ದರು. ನಲವತ್ತು ಜನ ಕೈಮುಗಿದಿದ್ದರು.

ಮೋನಿಕಾ ಬಂದದ್ದು ಉಸಿರು ಬಿಡುವುದನ್ನು ಕಲಿಯಲು ಅಲ್ಲ. ಗಂಡನ ಹಟ್ಟಿಯಲ್ಲಿ ಹೆತ್ತವಳು ಕೂಸನ್ನು ಕಟ್ಟಿಕೊಂಡು ಒಂದು ತಿಂಗಳು ಬೇಲಿಯಾಚೆಯ ಗುಡಿಸಲಿನಲ್ಲಿ ಇರಬೇಕು. ಸೂತಕ ಕಳೆಯುವ ಮೊದಲು ಹೊಸಿಲು ತುಳಿದರೆ ದೇವರಿಗೆ ಮೈಲಿಗೆಯಂತೆ. ತವರಿಗೆ ಹೋದರೆ ಅಲ್ಲೂ ಅಂಥದೇ ಗುಡಿಸಲು. ಹೋದ ವರ್ಷ ಅಲ್ಲಿಯೇ ಅವಳ ಅಕ್ಕನ ಕೂಸು ಹನ್ನೊಂದನೇ ದಿನಕ್ಕೆ ಶೀತ ಹತ್ತಿ ತೀರಿಹೋಗಿತ್ತು. ಅಂದಿನಿಂದ ಮೋನಿಕಾಳ ಎದೆಯಲ್ಲಿ ಅದೊಂದೇ ಭಯ. ಗಂಡನಿಗೆ ಹೇಳಿದರೆ “ಅವ್ವನ್ನ ಕೇಳು” ಎನ್ನುತ್ತಿದ್ದರು. ಅತ್ತೆ ಬರಗೇರಮ್ಮ “ದೇವರನ್ನ ಕೇಳು” ಎನ್ನುತ್ತಿದ್ದಳು. ದೇವರು ಯಾವತ್ತು ಬಾಯಿ ಬಿಟ್ಟಿದ್ದಾನೆ? ನಾಲ್ಕು ಜನರ ಮುಂದೆ ಯಾರಾದರೂ ಈ ಮನುಷ್ಯನನ್ನು ಕೇಳಲಿ ಎಂದು ಅವಳು ಕಾಯುತ್ತಿದ್ದಳು. ಇವತ್ತು ಕೊನೆಯ ತರಗತಿ.

ಸುಚಿತ್ರಾ ಸಿಸ್ಟರ್ ಎಂಟು ಜೋಡಿಗಳಿಗೂ ಒಂದೊಂದು ಬಿಳಿ ಹಾಳೆ ಕೊಟ್ಟರು.

“ನಿಮ್ಮ ನಿಮ್ಮ ಮನೆ ನಕ್ಷೆ ಬರೀರಿ. ಬಾಣಂತಿ ಹಾಸಿಗೆ ಎಲ್ಲಿ ಹಾಕ್ತೀರಿ ಅಂತ ಗುರುತು ಮಾಡ್ರಿ. ಬೆಚ್ಚಗಿರಬೇಕು, ಬಚ್ಚಲು ಹತ್ರ ಇರಬೇಕು.”

ಮಿಕ್ಕವರು ಕೈಯಲ್ಲೇ ಗೀಚಿದರೆ ಮೇಷ್ಟ್ರು ಸ್ಕೇಲು ಕೇಳಿ ಪಡೆದರು. ಪಡಸಾಲೆ, ಅಡುಗೆಮನೆ, ದೇವರ ಕೋಣೆ, ಎರಡು ಮಲಗುವ ಕೋಣೆ. ಬೈಕ್ ನಿಲ್ಲಿಸುವ ಜಾಗವನ್ನೂ ಬಿಡದೆ ಬರೆದರು. ಸಿಸ್ಟರ್ ಬಗ್ಗಿ ನೋಡಿದರು.

“ಎಲ್ಲಾ ಚೆನ್ನಾಗೈತೆ ಸಾರ್. ಹಾಸಿಗೆ ಎಲ್ಲೈತೆ?”

ಎಲ್ಲದಕ್ಕೂ ಉತ್ತರವಿದ್ದ ಮೇಷ್ಟ್ರಿಗೆ ತಟ್ಟನೆ ಪೆನ್ಸಿಲಿನ ಮೊನೆ ಸರಿಯಿಲ್ಲ ಅನ್ನಿಸಿತು. ಅದನ್ನು ನೋಡುತ್ತಾ ಕುಳಿತರು. ಮೋನಿಕಾ ಹಾಳೆಯ ಮೇಲೆ ಬೆರಳಿಟ್ಟಳು. ಬೆರಳು ಪಡಸಾಲೆ ದಾಟಿ, ಬಾಗಿಲು ದಾಟಿ, ಹಾಳೆಯ ಅಂಚೂ ದಾಟಿ, ಗೇಣುದ್ದ ಆಚೆ ಬರಿಯ ಮೇಜಿನ ಮೇಲೆ ನಿಂತಿತು.

“ಇಲ್ಲಿ ಸಿಸ್ಟರ್. ಬೇಲಿ ಆಚೆ, ಗುಡ್ಲಾಗೆ.”

ಹಿಂದಿನ ಸಾಲಿನಲ್ಲಿ ಯಾರೋ ತಮಾಷೆ ಎಂದುಕೊಂಡು ನಕ್ಕರು. ಮೋನಿಕಾಳ ಮುಖ ನೋಡಿ ನಿಲ್ಲಿಸಿದರು.

“ಅಯ್ಯೋ, ಮೊದಲಿನಂಗೆ ಗುಡ್ಲು ಅಲ್ಲ ಸಿಸ್ಟರ್ ಈಗ,” ಮೇಷ್ಟ್ರು ಅವಸರದಿಂದ ಹೇಳಿದರು. “ಸೈನ್ಸ್ ಓದಿರೋನು ನಾನು, ಹಂಗೆ ಬಿಡ್ತೀನಾ? ಶೀಟ್ ಹಾಕ್ಸೀನಿ. ಕರೆಂಟ್ ಐತೆ, ಸೊಳ್ಳೆ ಪರದೆ ಐತೆ. ಕ್ಯಾಮೆರಾನೂ ಇಡ್ಸೀನಿ. ಮನೇಲೇ ಕುಂತ್ಕಂಡು ಮೊಬೈಲ್‌ನಾಗೆ ಮಗು ನೋಡ್ಕಬೋದು.”

“ಎತ್ಕಳೋದು ಯಾವಾಗ ಸಾರ್?”

“ಅದು... ಸೂತಕ ಒಂದು ಕಳೀಲಿ ಅಂತ.”

ಮಗುವನ್ನು ಮುಟ್ಟದೆ ಸಾಕುವ ವಿಜ್ಞಾನವನ್ನು ಮೇಷ್ಟ್ರು ಒಬ್ಬರೇ ಕಂಡುಹಿಡಿದಿದ್ದರು. ಅದನ್ನು ತೋರಿಸದೆ ಇರುವುದು ಹೇಗೆ? ಜೇಬಿನಿಂದ ಮೊಬೈಲ್ ತೆಗೆದು ಸಿಸ್ಟರ್ ಮುಂದೆ ಹಿಡಿದರು. ಪರದೆಯಲ್ಲಿ ಕ್ಯಾಮೆರಾದ ಎರಡು ನೇರ ಚಿತ್ರಗಳಿದ್ದವು. ಮೇಲಿನದರಲ್ಲಿ ತಗಡಿನ ಶೆಡ್ಡು, ಬರಿಯ ಸಿಮೆಂಟು ನೆಲ, ಗಾಳಿಗೆ ಹೊಡೆದುಕೊಳ್ಳುತ್ತಿದ್ದ ಬಾಗಿಲು. ಕೆಳಗಿನದರಲ್ಲಿ ಒಂದು ಪಡಸಾಲೆ. ಅಲ್ಲಿ ದಪ್ಪ ಕಂಬಳಿಯ ಮೇಲೆ ಕುರಿಯೊಂದು ಮಲಗಿತ್ತು. ಪಕ್ಕದಲ್ಲಿ ಬಾಂಡ್ಲಿ ತುಂಬ ಕೆಂಡ. ಬರಗೇರಮ್ಮ ಪುಟ್ಟ ಮರಿಯೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಸೆರಗಿನಿಂದ ಮೈ ಒರೆಸುತ್ತಿದ್ದಳು.

“ಕೆಳಗಿಂದು ಯಾವುದು ಸಾರ್?” ಸಿಸ್ಟರ್ ಕೇಳಿದರು.

“ಅದು ನಮ್ಮ ಮನೆ ಒಳಗಿಂದು. ಎರಡು ಕ್ಯಾಮೆರಾ ತಂದಿದ್ದೆ, ಒಂದು ಅಲ್ಲಿ ಹಾಕ್ಸೀನಿ. ಕುರಿ ಬೆಳಿಗ್ಗೆ ಈಯ್ತು ಸಿಸ್ಟರ್. ಎಳೇ ಮರಿ, ಈ ಚಳಿಯಾಗೆ ಹೊರಗೆ ಬಿಟ್ರೆ ಉಳೀತೈತಾ? ಅದ್ಕೆ ಅವ್ವ ತಾಯಿ ಮರಿ ಎರಡನ್ನೂ ಒಳಗೆ ತಂದೌಳೆ.”

ಪಾಠ ಹೇಳುವ ದನಿಯಲ್ಲೇ ಹೇಳಿ ಮುಗಿಸಿದರು. ಮುಗಿಸಿದ ಮೇಲೆ ತಾವು ಹೇಳಿದ್ದು ಅವರಿಗೂ ಕೇಳಿಸಿರಬೇಕು. ಮೊಬೈಲ್ ಹಿಡಿದ ಕೈ ಕೆಳಗಿಳಿಯಿತು. ಮಿಕ್ಕ ಏಳು ಜೋಡಿಗಳೂ ಅವರನ್ನೇ ನೋಡುತ್ತಿದ್ದವು.

ಮೋನಿಕಾ ಗಂಡನ ಕೈಯಿಂದ ಮೊಬೈಲ್ ತೆಗೆದುಕೊಂಡಳು. ಕೆಂಡದ ಪಕ್ಕದ ಆ ಮರಿಯನ್ನು ಸ್ವಲ್ಪ ಹೊತ್ತು ನೋಡಿದಳು. ಅತ್ತೆಯ ನಂಬರು ಒತ್ತಿ ಮೊಬೈಲನ್ನು ಗಂಡನ ಕಿವಿಗೆ ಹಿಡಿದಳು.

“ಆ ಕುರಿ ಪಕ್ಕದಾಗೆ ಇನ್ನೊಂದು ಹಾಸಿಗೆಗೆ ಜಾಗ ಐತಾ ಕೇಳ್ರಿ,” ಎಂದಳು. “ಕುರಿಗೇನೂ ಮೈಲಿಗೆ ಆಗಲ್ಲ.”